ಹೊಸ ನಾರಿನ ತೇಪೆ

ದಬ್ಬಳ ಚಾಪೆಯೊಳಗೆ ಹೋಗಿದೆ, ಇನ್ನೂ ಆಚೆಗೆ ಬಂದಿಲ್ಲ. ಭೂತಮ್ಮ ಎಡಗೈಯನ್ನು ಚಾಪೆಯ ಅಡಿಗೆ ತೂರಿಸಿ ಅದರ ಮೊನೆ ಹುಡುಕುತ್ತಿದ್ದಾರೆ. ತಿಪಟೂರಿನ ಊರಾಚೆಯ ಆಟದ ಬಯಲಿನಲ್ಲಿ ಮಂಜು ಇನ್ನೂ ಕರಗಿಲ್ಲ. ಪಕ್ಕದ ತೋಟದ ತೆಂಗಿನ ಮರಗಳಿಗೆ ಬುಡ ಇದೆ, ತಲೆ ಇಲ್ಲ. ಮೊನೆ ಸಿಕ್ಕಿತು. ಎಳೆದರು. ಹುರಿ ಸರ್ರನೆ ಬಂತು. ಉಳಿದಿರುವ ನಾಲ್ಕು ಹಲ್ಲುಗಳ ಕಡೆಯಿಂದ ಅದನ್ನು ಕಚ್ಚಿ ಬಿಗಿದು, ಹೆಬ್ಬೆರಳಿನಲ್ಲಿ ಒಂದು ಸಲ ಒತ್ತಿ, ಮತ್ತೊಂದು ಸಲ ಒತ್ತಿ, ಮುಂದಿನ ಹೊಲಿಗೆಗೆ ಸರಿದರು.

ಇದು ಅರವತ್ತಾರು ಅಡಿ ಉದ್ದದ ತೆಂಗಿನ ನಾರಿನ ಚಾಪೆ. ಕ್ರಿಕೆಟ್ ಆಡುವವರು ಮ್ಯಾಟು ಎನ್ನುತ್ತಾರೆ. ಹುಲ್ಲಿನ ಪಿಚ್ ಬೆಳೆಸಲು ನೀರೂ ಇಲ್ಲದ, ಕಾಯಲು ಜನವೂ ಇಲ್ಲದ ನಮ್ಮಂಥ ಊರುಗಳಲ್ಲಿ ಗಟ್ಟಿ ಮಣ್ಣಿನ ಮೇಲೆ ಇದನ್ನು ಹಾಸಿ, ಸುತ್ತಲೂ ಗೂಟ ಹೊಡೆದು ಎಳೆದು ಕಟ್ಟಿ, ಅದರ ಮೇಲೆ ಆಡುತ್ತಾರೆ. ಚೆಂಡು ಬೀಳುವ ಜಾಗದಲ್ಲಿ, ಬ್ಯಾಟು ಹಿಡಿದವನು ಕಾಲು ತಿರುವುವ ಜಾಗದಲ್ಲಿ ನಾರು ಸವೆದು ಕಿತ್ತು ಬರುತ್ತದೆ. ಭಾನುವಾರದ ಆಟಕ್ಕೆ ಹುಡುಗರು ಬರುವಷ್ಟರಲ್ಲಿ ಯಾರೋ ಅದನ್ನು ಸರಿಮಾಡಿರುತ್ತಾರೆ. ಯಾರೆಂದು ಯಾರೂ ಕೇಳಿದ್ದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಆ ಯಾರೋ ಎಂದರೆ ಭೂತಮ್ಮ.

ನೀರಿನ ಕೊಡ ಹೊತ್ತು ಬಂದವರು ಲಕ್ಷ್ಮಿದೇವಮ್ಮ. ಭೂತಮ್ಮನವರ ಪಕ್ಕದ ಮನೆಯವರು, ಹುರಿ ಹೊಸೆಯುವ ರಾಟೆಯಲ್ಲಿ ಜೊತೆಗಾತಿ.

"ಭೂತಕ್ಕ, ನಿನ್ ಗಂಡನ್ ಪಂಚೆಗೆ ಯಾವತ್ತಾದ್ರೂ ಇಷ್ಟು ಮುತುವರ್ಜಿಯಿಂದ ತೇಪೆ ಹಾಕಿದ್ಯಾ?"

"ಆವಯ್ಯ ಕಾಯಿ ಕೀಳಕ್ಕೆ ಮರ ಹತ್ತಿ ಹತ್ತಿ ಪಂಚೆ ಹರ್ಕತಿದ್ದ. ಎಷ್ಟ್ ತೇಪೆ ಹಾಕಿದ್ರೂ ಅಷ್ಟೇಯ. ಚಾಪೆ ಮರ ಹತ್ತದಿಲ್ಲ ಕಣೇ. ನೀರ್ ಹುಯ್ಯಿ."

ತೇಪೆ ಮುಗಿಯಿತು. ಭೂತಮ್ಮ ಎದ್ದು ನಿಂತು ಮಡಿಲಿನಿಂದ ಒಂದು ಚೆಂಡು ತೆಗೆದರು. ಹೊಲಿಗೆ ಬಿಚ್ಚಿ, ಕೆಂಪು ಹೋಗಿ, ಆಡುವವರು ಎಸೆದಿದ್ದ ಚರ್ಮದ ಚೆಂಡು. ಸೊಂಟದ ಎತ್ತರದಿಂದ ಅದನ್ನು ತೇಪೆಯ ಮೇಲೆ ಬಿಟ್ಟರು. ಎದ್ದಷ್ಟನ್ನು ಮೊಣಕಾಲಿಗೆ ಅಳೆದುಕೊಂಡರು. ಒಂದು ಗೇಣು ಆಚೆಗೆ, ಹಳೆಯ ಚಾಪೆಯ ಮೇಲೆ ಇನ್ನೊಂದು ಸಲ ಬಿಟ್ಟರು. ಮತ್ತೆ ತೇಪೆಯ ಮೇಲೆ. ಮುಖ ಸಣ್ಣದಾಯಿತು.

"ಎಲ್ಡು ಬೆಳ್ಳು ಜಾಸ್ತಿ ಏಳ್ತದೆ. ಕಿತ್ತಾಕ್ತೀನಿ."

"ಅಯ್ಯೋ, ಹುಡುಗ್ರು ಆಡೋ ಆಟ ಕಣಕ್ಕ. ಎಲ್ಡು ಬೆಳ್ಳಲ್ಲಿ ಏನೋಯ್ತು?"

ಭೂತಮ್ಮ ಕುಳಿತರು. ಅಷ್ಟು ಹೊತ್ತು ಹಾಕಿದ್ದ ಹೊಲಿಗೆಯನ್ನೆಲ್ಲ ಬಿಚ್ಚಲು ಶುರುಮಾಡಿದರು. ಆ ಎರಡು ಬೆರಳಿನಲ್ಲಿ ಏನು ಹೋಗುತ್ತದೆ ಎನ್ನುವುದು ಅವರಿಗೆ ಗೊತ್ತು. ಅದನ್ನು ಹೇಳುವ ಮೊದಲು ಅವರ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕು.

ಭೂತಮ್ಮನವರಿಗೆ ಅರವತ್ತಕ್ಕೆ ಎರಡು ಕಡಿಮೆ. ಮನೆ ಬಿಳಿಗೆರೆಯಲ್ಲಿ. ತವರು ಚಿಕ್ಕನಾಯಕನಹಳ್ಳಿ ಕಡೆಯ ಬೆಟ್ಟದ ಬುಡ. ಅಲ್ಲಿ ಕುರಿಯ ಉಣ್ಣೆ ನೂತ ಕೈ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ತೆಂಗಿನ ನಾರು ಹಿಡಿಯಿತು. "ಉಣ್ಣೆ ನಾವು ಹೇಳ್ದಂಗೆ ಕೇಳ್ತದೆ ಅಕ್ಕಯ್ಯ. ನಾರು ಹೇಳ್ದಂಗೆ ನಾವು ಕೇಳ್ಬೇಕು" ಎಂದು ನನಗೆ ಹೇಳುತ್ತಾರೆ. ನಮ್ಮ ಸೀಮೆಯ ಕೊಬ್ಬರಿಯ ಹೆಸರು ಎಲ್ಲೆಲ್ಲಿಗೋ ಹೋಗಿದೆ. ಆ ಕೊಬ್ಬರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಟ್ಟೆಯನ್ನು ಕೇಳುವವರಿಲ್ಲ. ಸುಲಿದು ಬಿಸಾಕಿದ ಮಟ್ಟೆಯನ್ನು ಆರಿಸಿ ತಂದು, ಕೆರೆಯಂಚಿನ ಗುಂಡಿಯಲ್ಲಿ ಆರೇಳು ತಿಂಗಳು ನೆನೆಹಾಕಿ, ಕೊಳೆತ ನೀರಿನ ವಾಸನೆಯಲ್ಲಿ ಮೊಣಕಾಲುದ್ದ ಇಳಿದು ಮೇಲೆತ್ತಿ, ಕೊಡತಿಯಿಂದ ಬಡಿದು ನಾರು ಬಿಡಿಸುವುದು ಇವರ ಕೆಲಸ. ದಿನಕ್ಕೆ ನೂರೈವತ್ತು ಮಟ್ಟೆ. ಆ ಮೇಲೆ ರಾಟೆ. ಒಬ್ಬರು ರಾಟೆ ತಿರುಗಿಸಿದರೆ ಇನ್ನೊಬ್ಬರು ಸೊಂಟಕ್ಕೆ ನಾರು ಕಟ್ಟಿಕೊಂಡು ಹಿಂದಕ್ಕೆ ನಡೆಯುತ್ತ ಹುರಿ ಬಿಡುತ್ತಾರೆ. ಭೂತಮ್ಮ ಬೆಳಗಿನಿಂದ ಸಂಜೆಗೆ ಎಂಬತ್ತು ಸಲ ಹೀಗೆ ಹಿಂದಕ್ಕೆ ನಡೆಯುತ್ತಾರೆ. "ನಾನು ಬಿಳಿಗೆರೆಯಿಂದ ಕಾಶಿವರ್ಗೂ ಹೋಗಿ ಬಂದಿವ್ನಿ, ಎಲ್ಲಾ ಬೆನ್ನು ಮುಂದ್ ಮಾಡ್ಕಂಡು" ಎಂದು ನಗುತ್ತಾರೆ.

ಒಂದು ಚಾಪೆಗೆ ಮೂವರು ಹೆಂಗಸರಿಗೆ ಇಪ್ಪತ್ತನಾಲ್ಕು ದಿನ. ಮುಗಿದ ಚಾಪೆಯನ್ನು ಸುರುಳಿ ಸುತ್ತಿ ಎತ್ತಲು ಆರು ಗಂಡಸರು. ಇವರ ಕೈಯ ಚಾಪೆ ಈಗ ಹದಿನಾಲ್ಕು ಊರಿನಲ್ಲಿದೆ: ತುರುವೇಕೆರೆ, ಅರಸೀಕೆರೆ, ತುಮಕೂರು, ಹಾಸನದ ಆಚೆಗೂ ಎರಡು ಕಡೆ. ಅಂಗೈ ಮುಟ್ಟಿದರೆ ಮರದ ತೊಗಟೆ ಮುಟ್ಟಿದಂತಾಗುತ್ತದೆ. ನಾರಿನ ಧೂಳಿಗೆ ಚಳಿಗಾಲವಿಡೀ ಕೆಮ್ಮು. ಇಷ್ಟಾಗಿಯೂ ಈ ಹೆಂಗಸು ಒಂದು ಆಟವನ್ನೂ ಪೂರ್ತಿ ಕೂತು ನೋಡಿದವರಲ್ಲ, ಅದರ ಲೆಕ್ಕಾಚಾರವೂ ಗೊತ್ತಿಲ್ಲ. ಎಷ್ಟು ಮಕ್ಕಳು ಇವರ ಕೈಕೆಲಸದ ಮೇಲೆ ಓಡಿ ದೊಡ್ಡವರಾದರೋ. ಅವರೆಲ್ಲರ ಪರವಾಗಿ ಪತ್ರಿಕೆಗೆ ಒಂದು ಉಪಕಾರಸ್ಮರಣೆ ಬರೆಯೋಣವೆಂದು ನಾನು ದೀಪಾವಳಿಯ ಹೊತ್ತಿಗೆ ಕೇಳಿದೆ.

ಬೇಡ ಎಂದರು. ನಾಚಿಕೆಗೆ ಹೇಳುವ ಬೇಡ ಅಲ್ಲ ಅದು. ನಾವಿಬ್ಬರೂ ಒಂದೇ ರಾತ್ರಿ ಶಾಲೆಯಲ್ಲಿ ಅಕ್ಷರ ತಿದ್ದಿದವರು, ಅವರ ದನಿಯ ಹದ ನನಗೆ ಗೊತ್ತು.

"ಒಂದ್ ಕಾಗದ ಬರಿಯೋದೈತೆ ಅಕ್ಕಯ್ಯ. ಅದು ಹೋಗೋಗಂಟ ನನ್ನ ಹೆಸ್ರು ಪೇಪರ್ನಾಗೆ ಬರಬಾರ್ದು. ನೀವು ನನ್ನ ಚಾಪೆ ಚೆಂದ ಅಂತ ಹೊಗಳಿ ಬರೀತೀರ. ಆ ಪುಣ್ಯಾತ್ಮ ಎಲ್ಲಾದ್ರೂ ಅದನ್ನ ಓದ್ತಾರೆ. ಓದಿ, ಚಾಪೆ ಚೆಂದಾಗಿತ್ತು, ನನ್ ಕಣ್ಣೇ ಕೆಟ್ಟಿತ್ತು ಅಂತ ಇನ್ನೊಂದ್ಸಾರಿ ನಂಬ್ತಾರೆ. ಒಂದ್ಸಾರಿ ನಂಬ್ಸಿದ್ದು ಸಾಕು."

ಆ ಪುಣ್ಯಾತ್ಮ ಯಾರೆಂದು ಆ ದಿನ ಹೇಳಿದರು. ಹನ್ನೆರಡು ವರ್ಷ ಅವರ ಹೊಟ್ಟೆಯಲ್ಲಿದ್ದ ಮಾತು ಅದು.

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ರಣಜಿ ಪಂದ್ಯಾವಳಿಯ ಹಂಗಾಮು ಶುರುವಾಗುವುದರಲ್ಲಿತ್ತು. ನಮ್ಮ ರಾಜ್ಯ ತಂಡ ಆ ಸಲ ಒಂದು ಪಂದ್ಯವನ್ನು ಹೊರರಾಜ್ಯದ ಸಣ್ಣ ಊರಿನಲ್ಲಿ, ನಾರಿನ ಚಾಪೆಯ ಮೇಲೆ ಆಡಬೇಕಾಗಿತ್ತು. ಹುಲ್ಲಿನ ಮೇಲೆ ಆಡಿದವರಿಗೆ ಚಾಪೆಯ ಮೇಲೆ ಚೆಂಡು ಏಳುವ ರೀತಿ ಹೊಸದು. ಅಭ್ಯಾಸ ಬೇಕು. ತಂಡದಲ್ಲಿ ಶ್ರೀರಂಗಯ್ಯ ಎಂಬ ಬ್ಯಾಟುಗಾರರಿದ್ದರು. ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ. ವಯಸ್ಸು ಮೂವತ್ತು. ಹಿಂದಿನ ವರ್ಷ ಮೂರು ಪಂದ್ಯ ಆಡಿದ್ದರು, ಈ ವರ್ಷ ಜಾಗ ಖಾತ್ರಿ ಎಂದು ಎಲ್ಲರೂ ಹೇಳುತ್ತಿದ್ದರು. "ನಮ್ಮ ಕಡೆ ಒಳ್ಳೆ ಚಾಪೆ ಇದೆ" ಎಂದು ಜೊತೆಯ ಐದಾರು ಜನರನ್ನು ಮೂರು ದಿನದ ಅಭ್ಯಾಸಕ್ಕೆ ತಿಪಟೂರಿಗೆ ಕರೆತಂದವರು ಅವರೇ.

ಇಲ್ಲಿನ ಕ್ಲಬ್ಬಿನ ಕಾರ್ಯದರ್ಶಿ ಪರಮಶಿವಯ್ಯನವರಿಗೆ ಕೊಬ್ಬರಿ ಮಂಡಿ ಉದ್ಯೋಗ, ಕ್ರಿಕೆಟ್ಟು ಹುಚ್ಚು. ಅವರು ಬಿಳಿಗೆರೆಗೆ ಹೇಳಿಕಳಿಸಿದರು: ರಾಜ್ಯದ ಆಟಗಾರರು ಬರುತ್ತಿದ್ದಾರೆ, ಚಾಪೆಯಲ್ಲಿ ಒಂದು ತೂತು ಇರಕೂಡದು.

ತೂತು ಒಂದಿತ್ತು. ಬ್ಯಾಟು ಹಿಡಿಯುವವನ ಮುಂದೆ ಹದಿನಾಲ್ಕು ಅಡಿ ದೂರದಲ್ಲಿ, ಅಂಗೈ ಅಗಲ. ಭೂತಮ್ಮ ಅದುವರೆಗೆ ತೇಪೆಗೆ ಬಳಸುತ್ತಿದ್ದದ್ದು ಹಳೆಯ ನಾರು. ಸವೆದು ಎಸೆದ ಚಾಪೆಗಳ ಅಂಚಿನಿಂದ ಬಿಚ್ಚಿಟ್ಟುಕೊಂಡ ಹುರಿ. ನೂರಾರು ಕಾಲು ತುಳಿದು ಮೆತ್ತಗಾದದ್ದು, ಹಳೆಯ ಚಾಪೆಯ ಜೊತೆ ಹೊಂದಿಕೊಂಡು ಹೋಗುವಂಥದ್ದು. ಆವತ್ತು ಮಾತ್ರ ಅವರ ಮನಸ್ಸು ಬೇರೆ ಲೆಕ್ಕ ಹಾಕಿತು.

"ಮನೆಗೆ ನೆಂಟ್ರು ಬಂದ್ರೆ ಹಳೇ ಕಂಬಳಿ ಹಾಸ್ತೀವಾ? ಪೆಟ್ಟಿಗೆಯಿಂದ ಹೊಸದು ತೆಗೀತೀವಿ. ರಾಜ್ಯದೋರು ಬತ್ತಾವ್ರೆ, ತುಳ್ದು ತುಳ್ದು ಬಿಟ್ಟ ನಾರ್ನಲ್ಲಿ ತೇಪೆ ಹಾಕದಾ ಅನ್ನುಸ್ತು. ಆ ವರ್ಷದ ಹೊಸಾ ನಾರು, ಬಂಗಾರ್ದಂಗಿತ್ತು. ಅದನ್ನೇ ಹೊಸ್ದು ಹಾಕ್ದೆ. ನೋಡಿದ್ರೆ ಕಣ್ಣು ತುಂಬಬೇಕು, ಹಂಗಿತ್ತು."

ಹೊಸ ನಾರಿಗೆ ಬಿಗಿ ಜಾಸ್ತಿ, ದಪ್ಪವೂ ಜಾಸ್ತಿ. ನೀರು ಹಾಕಿದ ಮೇಲೆ ಇಡೀ ಚಾಪೆ ಒಂದೇ ಬಣ್ಣಕ್ಕೆ ತಿರುಗಿ ತೇಪೆ ಕಾಣದಾಯಿತು. ಎರಡನೆಯ ದಿನ ಬೆಳಿಗ್ಗೆ ಶ್ರೀರಂಗಯ್ಯ ಬ್ಯಾಟು ಹಿಡಿದು ನಿಂತಿದ್ದರು. ಜೋರಾಗಿ ಎಸೆದ ಒಂದು ಚೆಂಡು ಸರಿಯಾಗಿ ಆ ಅಂಗೈ ಅಗಲದ ಮೇಲೆ ಬಿತ್ತು. ಸೊಂಟಕ್ಕೆ ಬರಬೇಕಾದದ್ದು ಎದೆಗೆ ನುಗ್ಗಿತು. ಬಲಗೈ ಹೆಬ್ಬೆರಳು ಬ್ಯಾಟಿನ ಹಿಡಿಗೂ ಚೆಂಡಿಗೂ ನಡುವೆ ಸಿಕ್ಕಿ ಮೂಳೆ ಮುರಿಯಿತು. ಬಯಲಿನಂಚಿನಲ್ಲಿ ಖಾಲಿ ಕೊಡ ಇಟ್ಟುಕೊಂಡು ಕುಳಿತಿದ್ದ ಭೂತಮ್ಮ ಚೆಂಡು ಎಲ್ಲಿ ಬಿತ್ತೆಂದು ಕಂಡರು. ಆ ಬಯಲಿನಲ್ಲಿ ಅದನ್ನು ಕಂಡವರು ಅವರೊಬ್ಬರೇ.

ಮುಂದಿನದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

"ಮಾರ್ನೆ ದಿನ ಬೆಳಕು ಹರಿಯಕ್ ಮುಂಚೆ ಹೋದೆ. ಕೈಯಾಡಿಸಿದ್ರೆ ಗೊತ್ತಾಯ್ತು, ಒಂದ್ ಅವರೇಕಾಳಷ್ಟು ಎದ್ದಿತ್ತು. ಕಿತ್ತಾಕ್ದೆ. ಹಳೇ ನಾರು ತುಂಬ್ದೆ. ನೀರ್ ಹುಯ್ದೆ. ಬಿಸ್ಲು ಬಂದ್ಮೇಲೆ ಅವ್ರು ಬಂದ್ರು, ಕೈಗೆ ಪಟ್ಟಿ ಕಟ್ಕಂಡು. ಚಾಪೆ ಮ್ಯಾಲೆ ನಡುದ್ರು. ಅದೇ ಜಾಗ್ದಲ್ಲಿ ನಿಂತು ಪಾದದಲ್ಲಿ ಒತ್ತಿ ನೋಡಿದ್ರು. ಬಗ್ಗಿ ಎಡಗೈಲಿ ಸವರಿದ್ರು. 'ಚಾಪೇಲಿ ಏನೂ ಇಲ್ಲ, ನನ್ ಕಣ್ಣೇ ಚೆಂಡನ್ನ ಹಿಡೀಲಿಲ್ಲ' ಅಂದ್ರು. ಪಕ್ಕದಲ್ಲೇ ನಿಂತಿವ್ನಿ ನಾನು. ಬಾಯ್ ಬರ್ಲಿಲ್ಲ. ಪರಮಶಿವಯ್ಯೋರು ನನ್ನ ಬೈಯಕ್ಕೆ ಬಂದ್ರೆ ಅವ್ರೇ ಅಡ್ಡ ಬಂದು, 'ಅಮ್ಮನ್ನ ಏನೂ ಅನ್ನಬೇಡಿ, ಇಷ್ಟು ಒಳ್ಳೆ ಚಾಪೆ ನಾನು ನೋಡಿಲ್ಲ' ಅಂದ್ರು. ಬೈದಿದ್ರೆ ಹೇಳ್ಬುಡ್ತಿದ್ದೆ ಅನ್ಸುತ್ತೆ. ಬೈಯಲಿಲ್ಲ."

ಆ ಹಂಗಾಮನ್ನು ಭೂತಮ್ಮ ಹೇಗೆ ಕಳೆದರು ಎನ್ನುವುದನ್ನು ಮಂಡಿಯ ಹೆಂಗಸರು ಈಗಲೂ ಹೇಳುತ್ತಾರೆ, ಕಾರಣ ಗೊತ್ತಿಲ್ಲದೆ. ದಿನವೂ ಬಿಳಿಗೆರೆಯಿಂದ ಬಂದು ಮಂಡಿಯ ಬಾಗಿಲಿನಲ್ಲಿ ನಿಲ್ಲುವುದು. ಪರಮಶಿವಯ್ಯನವರು ಪತ್ರಿಕೆ ಬಿಚ್ಚುವುದನ್ನು ಕಾಯುವುದು. "ಅವ್ರ ಹೆಸ್ರು ಐತಾ ಸ್ವಾಮಿ?" "ಇಲ್ಲ ಕಣಮ್ಮ, ಬೆರಳು ಇನ್ನೂ ವಾಸಿ ಆಗಿಲ್ವಂತೆ." ಸಂಜೆ ಪ್ರದೇಶ ಸಮಾಚಾರದ ಹೊತ್ತಿಗೆ ರೇಡಿಯೊ ಮುಂದೆ. ಕೊಬ್ಬರಿ ಆರಿಸುತ್ತಿದ್ದ ಹೆಂಗಸರು "ಭೂತಕ್ಕ ಯಾವ್ ಟೀಮು ಈ ಸಾರಿ?" ಎಂದು ಛೇಡಿಸುತ್ತಿದ್ದರು.

ಮೊದಲ ಪಂದ್ಯ ಮುಗಿಯಿತು. ಚಾಪೆಯ ಮೇಲಿನ ಆಟವನ್ನೂ ನಮ್ಮವರು ಗೆದ್ದರು. ತಿಪಟೂರಿಗೆ ಬಂದು ಹೋಗಿದ್ದವರಲ್ಲಿ ಇಬ್ಬರು ಅಲ್ಲಿ ಚೆನ್ನಾಗಿ ಆಡಿದರು. ಶ್ರೀರಂಗಯ್ಯನವರ ಜಾಗಕ್ಕೆ ಬಂದ ಹೊಸಬ ಮೂರನೆಯ ಪಂದ್ಯದಲ್ಲಿ ನೂರು ಹೊಡೆದ. ಪರಮಶಿವಯ್ಯ ಅದನ್ನು ಗಟ್ಟಿಯಾಗಿ ಓದಿ, ಪತ್ರಿಕೆ ಮಡಿಸಿ, "ಇನ್ನು ನಮ್ಮ ದಂಡಿನಶಿವರದೋನಿಗೆ ಜಾಗ ಇಲ್ಲ ಬಿಡು" ಎಂದರು.

"ಆ ಹುಡ್ಗ ಚೆಂದಾಗಿ ಆಡಿದ್ದು ತಪ್ಪಾ? ಆದ್ರೂ ಮುಂದಿನ ಆಟದಾಗೆ ಬೇಗ ಔಟಾಗ್ಲಿ ದೇವ್ರೇ ಅಂತ ಕೇಳ್ಕಂಡಿವ್ನಿ. ಹೆತ್ತೋರ ಮಗ. ಅದೂ ಒಂದು ಪಾಪ ಸೇರ್ಕಂತು" ಎನ್ನುತ್ತಾರೆ ಭೂತಮ್ಮ.

ರಾಜ್ಯ ತಂಡ ಆ ಸಲ ಫೈನಲ್ ಆಡಿತು. ಸೆಮಿಫೈನಲ್ ಗೆದ್ದ ದಿನ ಪರಮಶಿವಯ್ಯ ಮಂಡಿಯಲ್ಲಿದ್ದವರಿಗೆಲ್ಲ ಕೊಬ್ಬರಿ ಬೆಲ್ಲ ಹಂಚಿದರು. ಭೂತಮ್ಮ ತಮ್ಮ ಪಾಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಿಳಿಗೆರೆಯವರೆಗೆ ನಡೆದರು. ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲವಂತೆ.

ಹಂಗಾಮು ಮುಗಿದ ತಿಂಗಳಿಗೆ ಶ್ರೀರಂಗಯ್ಯನವರಿಂದ ಕಾಗದ ಬಂತು. ಕ್ಲಬ್ಬಿನ ವಿಳಾಸಕ್ಕೆ, ಒಳಗೆ ಮಾತ್ರ "ಚಾಪೆಯ ಅಮ್ಮನವರಿಗೆ" ಎಂದಿತ್ತು. ಪರಮಶಿವಯ್ಯ ಓದಿ ಹೇಳಿದರು. ನಿಮ್ಮ ಚಾಪೆಯ ಮೇಲೆ ಆಡಿದ ಮೂರು ದಿನದಿಂದ ನಮ್ಮವರು ಹೊರಗಿನ ಪಂದ್ಯ ಗೆದ್ದರು, ಆ ಉಪಕಾರ ಮರೆಯುವುದಿಲ್ಲ. ನನಗೆ ಆಡುವ ಭಾಗ್ಯ ಇರಲಿಲ್ಲ, ವಯಸ್ಸಾಯಿತು, ಕಣ್ಣು ನಿಧಾನವಾಗಿದೆ. ಅದನ್ನು ನಿಮ್ಮ ಊರಿನಲ್ಲೇ ತಿಳಿದುಕೊಂಡೆ, ತಡವಾಗಿ ತಿಳಿಯುವುದಕ್ಕಿಂತ ಒಳ್ಳೆಯದಾಯಿತು. ಇನ್ನು ಆಟ ಬಿಡುತ್ತೇನೆ.

ಭೂತಮ್ಮ ಅಲ್ಲೇ ನೆಲದ ಮೇಲೆ ಕುಳಿತು ತೇಪೆಯ ವಿಷಯವನ್ನೆಲ್ಲ ಹೇಳಿಬಿಟ್ಟರು. "ಇದನ್ನ ಬರ್ದಾಕಿ ಸ್ವಾಮಿ, ಆಟ ಬಿಡಬ್ಯಾಡಿ ಅಂತ ಬರೀರಿ."

ಪರಮಶಿವಯ್ಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿನಗೇನು ಹುಚ್ಚಾ? ಚಾಪೆ ಕೆಟ್ಟದಿತ್ತು, ಬೆಳಗಾಗೋದ್ರೊಳಗೆ ಕಿತ್ತು ಮುಚ್ಚಿಟ್ವಿ ಅಂತ ನಾವೇ ಬರ್ಕೊಡೋದಾ? ಆಮೇಲೆ ಯಾವ ಟೀಮು ನಮ್ಮೂರ್ಗೆ ಬತ್ತದೆ? ನಿನ್ನ ಚಾಪೆ ಯಾರು ತಗೋತಾರೆ? ಸುಮ್ನೆ ಇರು." ಕಾಗದವನ್ನು ಮಂಡಿಯ ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದರು. ವಿಳಾಸವೂ ಅದರೊಳಗೇ ಉಳಿಯಿತು.

ಬಿಳಿಗೆರೆಯಲ್ಲಿ ರಾತ್ರಿ ಶಾಲೆ ಶುರುವಾದದ್ದು ಅದಾಗಿ ನಾಲ್ಕು ವರ್ಷಕ್ಕೆ. ಮೇಷ್ಟ್ರು ವೆಂಕಟಯ್ಯನವರು ಎಲ್ಲರಿಗೂ ಮೊದಲು ಅವರವರ ಹೆಸರು ಬರೆಯಿಸಿದರೆ, ಭೂತಮ್ಮ ತಮ್ಮ ಹೆಸರು ಆಮೇಲಾಗಲಿ ಎಂದು "ಶ್ರೀರಂಗಯ್ಯ" ಬರೆಯುವುದನ್ನು ಕೇಳಿದರು. ಸತ್ತ ಗಂಡನ ಹೆಸರು ಸಣ್ಣತಿಮ್ಮಯ್ಯ ಎಂದು ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಒಂದು ವಾರ ನಕ್ಕರು. ನಾನೂ ನಕ್ಕವಳೇ.

ಕಲಿತ ಮೇಲಾದರೂ ಬರೆಯಬಹುದಿತ್ತಲ್ಲ ಎಂದು ಕೇಳಿದೆ. ಭೂತಮ್ಮ ಮುಚ್ಚಿಡದೆ ಹೇಳಿದರು, "ಹೆದ್ರಿಕೆ." ಅಷ್ಟರಲ್ಲಿ ಅವರ ಚಾಪೆಗೆ ಹೆಸರು ಬಂದಿತ್ತು. ಒಂದು ಊರಿದ್ದದ್ದು ಐದಾಗಿತ್ತು, ಐದು ಒಂಬತ್ತಾಗಿತ್ತು. ಜೊತೆಗೆ ಹೊಸೆಯುವ ಹೆಂಗಸರು ಆರು ಜನ, ಅವರ ಮನೆಯ ಒಲೆ ಇದರಲ್ಲೇ ಉರಿಯಬೇಕು. ಆಟ ಬಿಟ್ಟವರು ಎಲ್ಲೋ ಸುಖವಾಗಿರುತ್ತಾರೆ, ಮರೆತಿರುತ್ತಾರೆ ಎಂದು ಸಮಾಧಾನ ಹೇಳಿಕೊಂಡರು. ಹೇಳಿಕೊಂಡರೂ ಒಂದು ಕೆಲಸ ಮಾತ್ರ ಬಿಡಲಿಲ್ಲ. ಹಳೆಯ ಚೆಂಡು ಬಿಟ್ಟು ನೋಡದೆ ಯಾವ ತೇಪೆಯನ್ನೂ ಆಟಕ್ಕೆ ಬಿಟ್ಟುಕೊಡಲಿಲ್ಲ. ಲಕ್ಷ್ಮಿದೇವಮ್ಮನಿಗೆ ಆ ಬೆಳಿಗ್ಗೆ ಅರ್ಥವಾಗದೆ ಹೋದ ಎರಡು ಬೆರಳು ಇದೇ.

ಹೋದ ವರ್ಷ ಮೈಸೂರಿನಿಂದ ಒಂದು ಶಾಲೆಯ ತಂಡ ಆಡಲು ಬಂತು. ಊಟದ ಹೊತ್ತಿನಲ್ಲಿ ಹುಡುಗರು ತೆಂಗಿನ ನೆರಳಿಗೆ ಬಂದು ಕುಳಿತು, ಇದು ಯಾವ ಊರು ಎಂದು ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ ನಗುತ್ತ ಹೇಳಿದ: "ಇದೇ ಕಣೋ, ನಮ್ಮ ಶ್ರೀರಂಗಯ್ಯ ಸಾರ್ ಕಣ್ಣು ಹೋದ ಊರು. ಮೂವತ್ತಾದ ಮೇಲೆ ಕಣ್ಣನ್ನ ನಂಬಬೇಡಿ, ಬ್ಯಾಟು ಕೆಳಗಿಡಿ ಅಂತ ದಿನಾ ಹೇಳ್ತಾರಲ್ಲ." ನೀರು ಕೊಡುತ್ತಿದ್ದ ಭೂತಮ್ಮನ ಕೈಯಲ್ಲಿ ಚೊಂಬು ಹಾಗೇ ನಿಂತಿತು.

ಮರೆತಿಲ್ಲ ಅವರು. ದಿನವೂ ಹೇಳುತ್ತಾರೆ. ತಮಗಾದದ್ದನ್ನು ಪಾಠ ಮಾಡಿ ಎಳೆಯರ ತಲೆಗೆ ತುಂಬುತ್ತಾರೆ.

ನಾನು ಬರೆಯುತ್ತೇನೆಂದು ಹೋದದ್ದು ಇದಾದ ಮೇಲೆ. ನನ್ನಿಂದ ಅವರಿಗೆ ತಳಮಳವಾಯಿತೋ, ಧೈರ್ಯವೇ ಬಂತೋ ತಿಳಿಯದು. ಸಂಕ್ರಾಂತಿ ಮುಗಿದ ವಾರ ಕಾಗದ ಬರೆದು ಮುಗಿಸಿದರು. ಆರು ಹಾಳೆ ಹರಿದು ಏಳನೆಯದು. ಆ ಮೇಲೆ ಮಂಡಿಗೆ ಹೊರಟರು. ನಾನೂ ಹೋದೆ.

ಪರಮಶಿವಯ್ಯನವರಿಗೆ ಈಗ ಎಪ್ಪತ್ತು ದಾಟಿದೆ. ಉಂಡೆ ಕೊಬ್ಬರಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದರು.

"ಸ್ವಾಮಿ, ಶ್ರೀರಂಗಯ್ಯೋರ ವಿಳಾಸ ಕೊಡಿ."

ಕೊಬ್ಬರಿ ಕೆಳಗಿಟ್ಟರು. ಯಾವ ಶ್ರೀರಂಗಯ್ಯ ಎಂದು ಕೇಳಲಿಲ್ಲ. "ಹನ್ನೆರಡು ವರ್ಷ ಆಯ್ತಲ್ಲಮ್ಮ. ಮೂಳೆ ಕೂಡ್ಕೊಂಡು ಎಷ್ಟು ಕಾಲ ಆಯ್ತೋ."

"ಮೂಳೆ ಕೂಡ್ಕಂಡೈತೆ. ಕಣ್ಣು ಕೆಟ್ಟಿತ್ತು ಅನ್ನೋದು ಹಂಗೇ ಐತೆ."

"ಹದಿನಾಲ್ಕು ಊರಲ್ಲಿ ನಿನ್ ಚಾಪೆ ಇದೆ. ಮಾತು ಹಬ್ಬಿ ಅಷ್ಟನ್ನೂ ವಾಪಸ್ ತಂದಾಕಿದ್ರೆ ಏನ್ಮಾಡ್ತೀಯ?"

"ಹಾಸ್ಕಂಡು ಮಲಿಕ್ಕತೀನಿ. ಹದಿನಾಲ್ಕು ಹಾಸ್ಗೆ. ಲಕ್ಷ್ಮಿದೇವಿಗೂ ಎಲ್ಡು ಕೊಡ್ತೀನಿ."

ನಗು ಬಂದರೂ ಅವರು ನಗಲಿಲ್ಲ. "ಹಂಗಲ್ಲ ಕಣಮ್ಮ. ಆ ಆರು ಜನ ಹೆಂಗಸ್ರು?"

"ಅವ್ರನ್ನ ಕೇಳೇ ಬಂದಿವ್ನಿ. ಲಕ್ಷ್ಮಿದೇವಿ ಒಬ್ಳು ಅತ್ಲು. ಆಮೇಲೆ, ಹೋಗಕ್ಕ, ಹೋಗಿ ಕೊಟ್ಟು ಬಾ ಅಂದ್ಲು."

ಪರಮಶಿವಯ್ಯ ಕೈ ಚಾಚಿದರು. ಭೂತಮ್ಮ ಕಾಗದ ಕೊಟ್ಟರು. ಅವರು ಓದುವಾಗ ನಾನೂ ಬಗ್ಗಿ ನೋಡಿದೆ. ಒಂದು ಪುಟವೂ ತುಂಬಿರಲಿಲ್ಲ. ಭೂತಮ್ಮನವರ ಒಪ್ಪಿಗೆಯಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ:

"ಶ್ರೀರಂಗಯ್ಯನವರಿಗೆ ಬಿಳಿಗೆರೆಯ ಭೂತಮ್ಮ ಮಾಡುವ ನಮಸ್ಕಾರ. ನಿಮ್ಮ ಕಣ್ಣು ಚೆನ್ನಾಗಿತ್ತು. ಚಾಪೆಯಲ್ಲಿ ತೇಪೆ ಎದ್ದಿತ್ತು. ನೀವು ದೊಡ್ಡವರು ಬರುತ್ತೀರಿ ಎಂದು ನಾನು ಹೊಸ ನಾರು ಹಾಕಿದ್ದೆ. ಚೆಂಡು ಅದರ ಮೇಲೆ ಬಿದ್ದದ್ದು ನಾನು ನೋಡಿದೆ. ಮಾರನೆ ದಿನ ನೀವು ಬರುವ ಮುಂಚೆ ಕಿತ್ತು ಹಳೆ ನಾರು ಹಾಕಿದೆ. ಅದಕ್ಕೇ ನಿಮ್ಮ ಕೈಗೆ ಏನೂ ಸಿಗಲಿಲ್ಲ. ಆಗ ಹೇಳಲಿಲ್ಲ. ನಿಮ್ಮ ಆಟ ಹೋಯಿತು. ಅದನ್ನು ತಂದುಕೊಡುವ ಶಕ್ತಿ ನನಗಿಲ್ಲ. ನೀವು ಬೈಯಲಿಲ್ಲ, ನನ್ನನ್ನು ಕಾಪಾಡಿದಿರಿ, ಆಮೇಲೆ ಕಾಗದವನ್ನೂ ಬರೆದಿರಿ. ಅದನ್ನು ನಾನೇ ಓದಬೇಕೆಂದು ಅಕ್ಷರ ಕಲಿತೆ. ಇವತ್ತು ಬರೆಯುತ್ತಿರುವುದು ನಿಮ್ಮ ದಯದಿಂದ. ಹುಡುಗರಿಗೆ ಕಣ್ಣು ನಂಬಿ ಎಂದು ಹೇಳಿ. ಚಾಪೆ ನೋಡಿಕೊಂಡು ಆಡಿ ಎಂದು ಹೇಳಿ."

ಪರಮಶಿವಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದರಲ್ಲಿ ನನ್ನ ಹೆಸರೂ ಸೇರಿಸು. ಅವತ್ತು ಬರೀಬೇಡ ಅಂದೋನು ನಾನು" ಎಂದರು.

"ಅದು ನಿಮ್ ಕಾಗದ ಸ್ವಾಮಿ. ನೀವೇ ಬರ್ಕಳಿ. ಇದು ನಂದು."

ಅವರು ತಲೆಯಾಡಿಸಿದರು. ಖಾನೆಯ ಬೀಗ ತೆಗೆದು, ಅಡಿಯಿಂದ ಹಳೆಯ ಕಾಗದ ಎತ್ತಿ ಭೂತಮ್ಮನ ಕೈಗೆ ಕೊಟ್ಟರು. ಹನ್ನೆರಡು ವರ್ಷದ ಮೇಲೆ ಅದು ಸೇರಬೇಕಾದವರಿಗೆ ಸೇರಿತು. ಅದರಲ್ಲಿದ್ದದ್ದು ಬೆಂಗಳೂರಿನ ವಿಳಾಸ, ಈಗ ಉಪಯೋಗಕ್ಕೆ ಬಾರದು. ಅದಕ್ಕೇ ಮೈಸೂರಿನ ಆ ಶಾಲೆಗೆ ತಾವೇ ಫೋನು ಮಾಡಿ, ಟ್ರಂಕ್ ಕಾಲಿಗೆ ಒಂದೂವರೆ ಗಂಟೆ ಕಾದು ಕೂತು, ಮನೆಯ ವಿಳಾಸ ಕೇಳಿಕೊಂಡು ಲಕೋಟೆಯ ಮೇಲೆ ದುಂಡಗೆ ಬರೆದುಕೊಟ್ಟರು. ಭೂತಮ್ಮ ಎರಡು ಕೈ ಜೋಡಿಸಿದರು. "ಇಷ್ಟ್ ಮಾಡಿದ್ರಲ್ಲ, ಸಾಕು."

ಲೇಖನದ ವಿಷಯ ಕೇಳಿದೆ. "ಈಗ ಬರೀರಿ ಅಕ್ಕಯ್ಯ. ಎಲ್ಲಾನೂ ಬರೀರಿ, ತೇಪೆದೂ ಬರೀರಿ. ಆದ್ರೆ ಹದಿನೈದ್ ದಿನ ತಡ್ಕಳಿ. ಮೊದ್ಲು ಅವ್ರು ಓದ್ಲಿ. ಆಮೇಲೆ ಊರು ಓದ್ಕಳ್ಳಿ." ನೀವು ಇದನ್ನು ಓದುವ ಹೊತ್ತಿಗೆ ಆ ದಿನಗಳು ಕಳೆದಿರುತ್ತವೆ.

ಬಿಳಿಗೆರೆಯ ಅಂಚೆ ಡಬ್ಬಕ್ಕೆ ಹಾಕಲು ಅವರಿಗೆ ಮನಸ್ಸಿಲ್ಲ. ತಿಪಟೂರಿನ ಅಂಚೆ ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಾರೆ. ಸರದಿ ಬಂದಾಗ ಲಕೋಟೆ ಒಳಗೆ ಕೊಡುತ್ತಾರೆ, ಒಂದು ತುದಿ ಬಿಡುವುದಿಲ್ಲ. ಗುಮಾಸ್ತ ಮೆಲ್ಲಗೆ ಎಳೆದುಕೊಳ್ಳುತ್ತಾನೆ. ಅಂಚೆಚೀಟಿ ಅಂಟಿಸುತ್ತಾನೆ. ಮುದ್ರೆ ಬೀಳುತ್ತದೆ. ಕಾಗದ ಹಿಂದಿನ ಚೀಲಕ್ಕೆ ಹೋಗುತ್ತದೆ.

ಭೂತಮ್ಮ ಕಿಟಕಿ ಬಿಟ್ಟು ಕದಲುವುದಿಲ್ಲ.

"ಇನ್ನೇನಜ್ಜಿ?"

"ಇನ್ನು ನಾನು ಬಂದು ವಾಪಸ್ ಕೊಡು ಅಂದ್ರೆ ಕೊಡ್ತೀಯೇನಪ್ಪ?"

"ಕೊಡಕ್ಕಾಗಲ್ಲ ಅಜ್ಜಿ. ಹೋಯ್ತು ಅದು."

"ಅತ್ಕಂಡು ಕೇಳಿದ್ರೂವೆ?"

"ಅತ್ರೂ ಕೊಡಲ್ಲ."

"ಕೊಡಬ್ಯಾಡ" ಎಂದು ಹೇಳಿ, ಭೂತಮ್ಮ ಹಿಂದಿನವರಿಗೆ ಜಾಗ ಬಿಟ್ಟರು.